ಟೇಪಾ, ಕಂಪ್ಯೂಟರಾ? ಕಿವಿಗಿಂತ ನಂಬಿಕೆಯೇ ಜಾಸ್ತಿ ಮಾತಾಡುವ ಜಗಳ

2022ರ ಜುಲೈನಲ್ಲಿ ಅಮೆರಿಕದ ಫೀನಿಕ್ಸ್ ನಗರದ ಒಬ್ಬ ರೆಕಾರ್ಡ್ ಅಂಗಡಿ ಮಾಲೀಕ ಒಂದು ವಿಡಿಯೋ ಹಾಕಿದ. ಮೊಬೈಲ್ ಫಿಡೆಲಿಟಿ ಎಂಬ ಕಂಪನಿಯ ಎಲ್‌ಪಿ ರೆಕಾರ್ಡ್‌ಗಳ ಬಗ್ಗೆ ಅವನಿಗೊಂದು ಸುದ್ದಿ ಸಿಕ್ಕಿತ್ತು. ಹಳೆಯ ಹೆಸರಾಂತ ಆಲ್ಬಂಗಳ ಮೂಲ ಟೇಪಿನಿಂದ ಹೊಸದಾಗಿ ಎಲ್‌ಪಿ ಮಾಡಿ ಮಾರುವುದು ಈ ಕಂಪನಿಯ ಕಸುಬು. ಕೆಲವು ಎಲ್‌ಪಿಗಳಿಗೆ 125 ಡಾಲರ್ ಬೆಲೆ. ಕೊಳ್ಳುವವರು ಅಷ್ಟು ದುಡ್ಡು ಕೊಡುತ್ತಿದ್ದದ್ದು ಒಂದು ನಂಬಿಕೆಯ ಮೇಲೆ. ಟೇಪಿನಿಂದ ಎಲ್‌ಪಿಯ ತನಕ ಎಲ್ಲವೂ ಅನಲಾಗ್, ನಡುವೆ ಎಲ್ಲೂ ಕಂಪ್ಯೂಟರ್ ಮುಟ್ಟಿಲ್ಲ ಎಂಬ ನಂಬಿಕೆ. ಅಂಗಡಿಯವನು ಹೇಳಿದ್ದು ಇಷ್ಟೇ: ಹಾಗಲ್ವಂತೆ, ನಡುವೆ ಒಂದು ಡಿಜಿಟಲ್ ಪ್ರತಿ ಇದೆಯಂತೆ.

ಜನ ಅವನನ್ನೇ ಬೈದರು. ಕೆಲವೇ ದಿನಗಳಲ್ಲಿ ಕಂಪನಿ ಅವನನ್ನು ಕ್ಯಾಲಿಫೋರ್ನಿಯಾದ ತನ್ನ ಜಾಗಕ್ಕೆ ಕರೆಸಿಕೊಂಡಿತು. ಅಲ್ಲಿನ ಎಂಜಿನಿಯರ್‌ಗಳು ಕ್ಯಾಮೆರಾ ಮುಂದೆ ಕೂತು ಒಪ್ಪಿಕೊಂಡರು. ಹೌದು, 2011ರಿಂದ ಡಿಜಿಟಲ್ ಪ್ರತಿ ಬಳಸುತ್ತಿದ್ದೇವೆ. ಆಮೇಲೆ ಕೇಸುಗಳು ಬಿದ್ದವು. ಸುಮಾರು 2.5 ಕೋಟಿ ಡಾಲರ್ ಲೆಕ್ಕದಲ್ಲಿ ರಾಜಿಯಾಯಿತು.

ಅನುಮಾನಕ್ಕೆ ಕಾರಣವಾಗಿದ್ದು ಯಾರ ಕಿವಿಯೂ ಅಲ್ಲ, ಒಂದು ಲೆಕ್ಕ. ಮೈಕೆಲ್ ಜಾಕ್ಸನ್‌ನ ಬಹಳ ಹೆಸರಾದ ಆಲ್ಬಂ ಒಂದನ್ನು 40,000 ಪ್ರತಿ ಮಾಡುತ್ತೇವೆ ಎಂದು ಕಂಪನಿ ಹೇಳಿತ್ತು. ಎಲ್‌ಪಿ ಮಾಡಲು ಮೊದಲು ಲ್ಯಾಕರ್ ಎಂಬ ಮೃದುವಾದ ಬಿಲ್ಲೆಯ ಮೇಲೆ ಗೆರೆ ಕೊರೆಯಬೇಕು. ಈ ದುಬಾರಿ ವಿಧಾನದಲ್ಲಿ ಒಂದು ಲ್ಯಾಕರ್‌ನಿಂದ ಕಡಿಮೆ ಪ್ರತಿಗಳೇ ಬರುತ್ತವೆ. ಹಾಗಾದರೆ 40,000 ಪ್ರತಿಗೆ ಮೂಲ ಟೇಪನ್ನು ಎಷ್ಟು ಸಲ ಓಡಿಸಬೇಕು? ಓಡಿಸಿದಷ್ಟೂ ಟೇಪು ಸವೆಯುತ್ತದೆ. ಅಂಥ ಟೇಪನ್ನು ಹಾಗೆ ಓಡಿಸಲು ಯಾವ ಕಂಪನಿ ತಾನೇ ಬಿಡುತ್ತದೆ? ಅಂಗಡಿ ಲೆಕ್ಕ ಬಲ್ಲ ಯಾರಿಗಾದರೂ ಹೊಳೆಯುವ ಪ್ರಶ್ನೆ ಇದು. ಆದರೆ ಡಿಜಿಟಲ್ ಸೋಕಿದರೆ ಸಾಕು ನನ್ನ ಕಿವಿಗೆ ಗೊತ್ತಾಗಿಬಿಡುತ್ತೆ ಎನ್ನುತ್ತಿದ್ದವರು ಹನ್ನೊಂದು ವರ್ಷ ಅವೇ ರೆಕಾರ್ಡ್‌ಗಳನ್ನು ಅನಲಾಗ್‌ನ ಉತ್ತಮ ಮಾದರಿ ಎಂದು ಹೊಗಳುತ್ತಿದ್ದರು.

ಅವರ ಕಿವಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅವರು ಕೇಳಿದ ದನಿ ನಿಜಕ್ಕೂ ಚೆನ್ನಾಗಿತ್ತು. ಅದರ ಶ್ರೇಯ ಯಾರಿಗೆ ಎಂಬಲ್ಲಿ ತಪ್ಪಿದರು, ಅಷ್ಟೇ. ನಮ್ಮ ಕಡೆಯ ಸ್ಟುಡಿಯೋಗಳಲ್ಲೂ ಟೇಪಿನ ದನಿ ಚೆನ್ನವೋ, ಕಂಪ್ಯೂಟರ್ ದನಿ ಚೆನ್ನವೋ ಎಂಬ ಚರ್ಚೆ ಕಾಫಿ ಬಂದಾಗಲೆಲ್ಲ ಶುರುವಾಗುತ್ತದೆ. ನನ್ನ ಪ್ರಕಾರ ದನಿಯ ಮಟ್ಟಿಗೆ ಈ ಜಗಳ ಹೆಚ್ಚುಕಡಿಮೆ ಮುಗಿದಿದೆ. ಮುಗಿಯದೆ ಉಳಿದಿರುವುದು ಎರಡು ವಿಷಯ. ಹಾಡುವವರು, ನುಡಿಸುವವರು ಹೇಗೆ ಕೆಲಸ ಮಾಡುತ್ತಾರೆ ಎಂಬುದು ಒಂದು. ಮಾಡಿಟ್ಟಿದ್ದು ನಲವತ್ತು ವರ್ಷದ ಮೇಲೆ ಯಾರ ಕೈಗೆ ಸಿಗುತ್ತದೆ ಎಂಬುದು ಇನ್ನೊಂದು. ಅಲ್ಲಿಗೆ ಹೋಗುವ ಮುಂಚೆ ಟೇಪನ್ನು ಸ್ವಲ್ಪ ಬಿಚ್ಚಿ ನೋಡೋಣ.

ಟೇಪ್ ಅಂದರೆ ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಮೈಕಿನಿಂದ ಬಂದ ವಿದ್ಯುತ್ತು ಹೆಡ್ ಎಂಬ ಪುಟ್ಟ ವಿದ್ಯುತ್ ಅಯಸ್ಕಾಂತಕ್ಕೆ ಹೋಗುತ್ತದೆ. ಪಟ್ಟಿ ಅದರ ಮುಂದೆ ಹಾದುಹೋಗುವಾಗ ಪುಡಿಯ ಕಣಗಳ ಕಾಂತದ ದಿಕ್ಕು ದನಿಯ ಏರಿಳಿತಕ್ಕೆ ತಕ್ಕಂತೆ ಆ ಕಡೆ ಈ ಕಡೆ ತಿರುಗುತ್ತದೆ. ದನಿ ಜೋರಾದಷ್ಟೂ ಹೆಚ್ಚು ಕಣಗಳು ತಿರುಗುತ್ತವೆ. ಒಂದು ಹಂತದಲ್ಲಿ ತಿರುಗಲು ಕಣಗಳೇ ಉಳಿದಿರುವುದಿಲ್ಲ. ಆಗ ಟೇಪು ದನಿಯನ್ನು ಥಟ್ಟನೆ ಕತ್ತರಿಸುವುದಿಲ್ಲ, ಮೆಲ್ಲಗೆ ಬಗ್ಗಿಸುತ್ತದೆ. ಡ್ರಮ್ಮಿನ ಚೂಪಾದ ಏಟು ಸ್ವಲ್ಪ ಗುಂಡಗಾಗುತ್ತದೆ.

ಹಾಗೆ ಬಗ್ಗಿಸುವಾಗ ಟೇಪು ಮೂಲದಲ್ಲಿ ಇಲ್ಲದ್ದನ್ನು ಸೇರಿಸುತ್ತದೆ ಕೂಡ. ಮುಖ್ಯವಾಗಿ ಸ್ವರದ ಮೂರು ಪಟ್ಟು ಕಂಪನವನ್ನು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನೀವು ಮಧ್ಯಸ್ಥಾಯಿಯ ಸ ಹಾಡಿದರೆ ಟೇಪು ಅದಕ್ಕೆ ತಾರಸ್ಥಾಯಿಯ ಪ ಒಂದನ್ನು ಸಣ್ಣಗೆ ಬೆರೆಸುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅದು ಹಿತವಾಗಿರುವುದರಲ್ಲಿ ಆಶ್ಚರ್ಯವೇನಿದೆ? ಇದರ ಜೊತೆಗೆ ಹೆಡ್ಡಿನ ಆಕಾರದಿಂದಾಗಿ ತಗ್ಗಿನ ದನಿಗಳಲ್ಲಿ ಒಂದು ಕಡೆ ಸಣ್ಣ ಉಬ್ಬು ಬರುತ್ತದೆ. ಎಂಜಿನಿಯರ್‌ಗಳು ‘ವಾರ್ಮ್’ ಎನ್ನುವುದು ಹೆಚ್ಚಾಗಿ ಈ ಎರಡನ್ನೇ. ಅಂದರೆ ಟೇಪು ದನಿಯನ್ನು ಇದ್ದ ಹಾಗೆ ಇಡುವುದಿಲ್ಲ. ಇದ್ದದ್ದಕ್ಕೆ ಚೂರು ಒಗ್ಗರಣೆ ಹಾಕಿ ಇಡುತ್ತದೆ. ಆ ಒಗ್ಗರಣೆ ರುಚಿಯಾಗಿದೆ, ಸುಳ್ಳಲ್ಲ. ಆದರೆ ಅದನ್ನು ಪರಿಶುದ್ಧ ದನಿ ಅನ್ನುವುದು ಮಾತ್ರ ತಮಾಷೆ.

ರುಚಿಯ ಜೊತೆ ಕಾಟವೂ ಇತ್ತು. ಮೊದಲನೆಯದು ಹಿಸ್, ಆ ‘ಸ್‌ಸ್’ ಎಂಬ ಸದ್ದು. ಅದು ಪುಡಿಯ ಕಣಗಳದೇ ಗದ್ದಲ. ಒಂದು ಟೇಪಿನಿಂದ ಇನ್ನೊಂದಕ್ಕೆ ಪ್ರತಿ ಮಾಡಿದಾಗಲೆಲ್ಲ ಅದು ಏರುತ್ತಿತ್ತು. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೂ ಅಂಟುತ್ತದೆ. ಹಾಡು ಶುರುವಾಗುವ ಮೊದಲೇ ಅದರ ದೆವ್ವದಂಥ ಸಣ್ಣ ನೆರಳು ಕೇಳಿಸಿದ್ದು ನೆನಪಿದೆಯಾ? ಅದು ಇದೇ. ಬೆಳಿಗ್ಗೆ ಸ್ಟುಡಿಯೋ ತೆರೆದ ಮೇಲೆ ಮೊದಲು ಸ್ಪಿರಿಟ್‌ನಲ್ಲಿ ಹೆಡ್ ಒರೆಸಬೇಕು, ಅಂಟಿದ ಕಾಂತವನ್ನು ತೆಗೆಯಬೇಕು, ಟೆಸ್ಟ್ ಟೇಪ್ ಹಾಕಿ ಒಂದೊಂದೇ ಟ್ರ್ಯಾಕನ್ನು, ಅಂದರೆ ಟೇಪಿನ ಮೇಲೆ ಒಂದೊಂದು ದನಿಗೆ ಮೀಸಲಾದ ಓಣಿಯನ್ನು, ಸರಿಹೊಂದಿಸಬೇಕು. ಹಾಡುವವರು ಬರುವ ಹೊತ್ತಿಗೆ ಮೆಷಿನ್ ನೋಡಿಕೊಳ್ಳುವವನಿಗೆ ಅರ್ಧ ದಿನದ ಸುಸ್ತು.

ಹಿಸ್ ಕಥೆಯಲ್ಲಿ ಭಾರತಕ್ಕೂ ಒಂದು ಪಾತ್ರವಿದೆ. ಸಿನಿಮಾ ಥಿಯೇಟರ್‌ಗಳಲ್ಲಿ ನಾವು ನೋಡುವ ಡಾಲ್ಬಿ ಎಂಬ ಹೆಸರಿನ ಆಸಾಮಿ ರೇ ಡಾಲ್ಬಿ 1963ರಿಂದ 1965ರ ತನಕ ಯುನೆಸ್ಕೊ ಸಲಹೆಗಾರನಾಗಿ ಚಂಡೀಗಢದಲ್ಲಿದ್ದ. ಬಿಡುವಿನಲ್ಲಿ ಇಲ್ಲಿನ ಸಂಗೀತವನ್ನು ಟೇಪಿಗೆ ಹಿಡಿಯುತ್ತಿದ್ದ. ಸಣ್ಣ ದನಿಯಲ್ಲಿ ಶುರುವಾಗುವ ಆಲಾಪನೆಯ ಹಿಂದೆ ಹಿಸ್ ಎಷ್ಟು ಕಾಡುತ್ತದೆ ಎಂದು ಹಳೆಯ ಕ್ಯಾಸೆಟ್ ಕೇಳಿದವರಿಗೆಲ್ಲ ಗೊತ್ತು. ಅದನ್ನು ಅಡಗಿಸುವ ಉಪಾಯ ಅವನಿಗೆ ಹೊಳೆದದ್ದು ಆ ದಿನಗಳಲ್ಲೇ. ರೆಕಾರ್ಡ್ ಮಾಡುವಾಗ ಸಣ್ಣ ದನಿಗಳನ್ನು ಎತ್ತಿ ಇಡುವುದು, ಕೇಳಿಸುವಾಗ ಅಷ್ಟೇ ಇಳಿಸುವುದು. ಜೊತೆಗೆ ಹಿಸ್ ಕೂಡ ಇಳಿದುಹೋಗುತ್ತದೆ. 1965ರಲ್ಲಿ ಲಂಡನ್‌ಗೆ ಹೋಗಿ ಕಂಪನಿ ತೆರೆದ.

ಇನ್ನೊಂದು ಮಾತು. ಟೇಪನ್ನು ಇವತ್ತು ಪ್ರಾಮಾಣಿಕತೆಯ ಗುರುತಿನ ಹಾಗೆ ನೋಡುತ್ತೇವೆ. ಅದು ಬಂದಾಗ ಹಾಗಿರಲಿಲ್ಲ. ಜರ್ಮನಿಯಲ್ಲಿ 1930ರ ದಶಕದಲ್ಲಿ ಬೆಳೆದ ಈ ಮೆಷಿನನ್ನು ಯುದ್ಧ ಮುಗಿದ ಮೇಲೆ ಜಾಕ್ ಮಲ್ಲಿನ್ ಎಂಬ ಅಮೆರಿಕದ ಎಂಜಿನಿಯರ್ ಬಿಡಿಬಿಡಿಯಾಗಿ ಊರಿಗೆ ಕಳಿಸಿಕೊಂಡ. ಅದರ ಮೇಲೆ ದುಡ್ಡು ಹಾಕಿದವನು ಗಾಯಕ ಬಿಂಗ್ ಕ್ರಾಸ್ಬಿ. ರೇಡಿಯೋದಲ್ಲಿ ವಾರವಾರ ನೇರವಾಗಿ ಹಾಡಿ ಅವನಿಗೆ ಸಾಕಾಗಿತ್ತು. ಮೊದಲೇ ರೆಕಾರ್ಡ್ ಮಾಡಿಟ್ಟರೆ ಗಾಲ್ಫ್ ಆಡಲು ಹೋಗಬಹುದಿತ್ತು. 1947ರಿಂದ ಹಾಗೇ ಮಾಡಿದ. ತಪ್ಪಿದ ಜಾಗವನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಚೆನ್ನಾಗಿ ಬಂದದ್ದನ್ನು ಅಂಟಿಸುವ ಕೆಲಸವೂ ಆಗಲೇ ಶುರುವಾಯಿತು. ಕತ್ತರಿ, ಅಂಟು, ಸುಳ್ಳು ಚಪ್ಪಾಳೆ ಎಲ್ಲವೂ ಟೇಪಿನ ಕಾಲದಲ್ಲೇ ಇದ್ದವು. ಕಂಪ್ಯೂಟರ್ ಅವನ್ನು ಹೊಸದಾಗಿ ತರಲಿಲ್ಲ, ಸಲೀಸು ಮಾಡಿತು.

ಈಗ ಡಿಜಿಟಲ್. ಸಿ.ಡಿ.ಯ ಲೆಕ್ಕದಲ್ಲಿ ದನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತಾರೆ. ಇಲ್ಲೇ ಒಂದು ತಪ್ಪು ಚಿತ್ರ ಹುಟ್ಟುತ್ತದೆ. ಅನಲಾಗ್ ಅಂದರೆ ನಯವಾದ ಗೆರೆ, ಡಿಜಿಟಲ್ ಅಂದರೆ ಮೆಟ್ಟಿಲು ಮೆಟ್ಟಿಲಾದ ಗೆರೆ, ಮೆಟ್ಟಿಲುಗಳ ಸಂದಿಯಲ್ಲಿ ಸಂಗೀತ ಸೋರಿಹೋಗುತ್ತದೆ ಎಂದು. ಹಾಗಾಗುವುದಿಲ್ಲ. ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಚುಕ್ಕಿ ಇಟ್ಟವರು ಚುಕ್ಕಿಯನ್ನೇ ತೋರಿಸಿ ಎದ್ದುಹೋಗುವುದಿಲ್ಲ. ಅವುಗಳ ಮೇಲೆ ಗೆರೆ ಎಳೆಯುತ್ತಾರೆ. ಇಲ್ಲೂ ಅಷ್ಟೇ, ಕೇಳಿಸುವ ಯಂತ್ರ ಅಂಕಿಗಳಿಂದ ಮತ್ತೆ ನಯವಾದ ಅಲೆಯನ್ನು ಎಳೆಯುತ್ತದೆ. ವ್ಯತ್ಯಾಸ ಇಷ್ಟೇ: ಅದೇ ಚುಕ್ಕಿಗಳಲ್ಲಿ ಅಮ್ಮ ಒಂದು ಚಿತ್ತಾರ ಬಿಟ್ಟರೆ ಅತ್ತೆ ಇನ್ನೊಂದು ಬಿಡಬಹುದು. ದನಿಯ ಚುಕ್ಕಿಗಳ ಮೇಲೆ ಹಾಯಬಹುದಾದ ಅಲೆ ಒಂದೇ ಒಂದು. ಷರತ್ತು ಏನೆಂದರೆ, ದನಿಯ ಕಂಪನ ಅಳತೆಯ ವೇಗದ ಅರ್ಧಕ್ಕಿಂತ ಕೆಳಗಿರಬೇಕು. ಒಳ್ಳೆಯ ಎಳೆಯ ಕಿವಿ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನದ ತನಕ. 44,100ರ ಅರ್ಧ 22,050. ನನ್ನ ವಯಸ್ಸಿನವರಿಗಂತೂ ಅದರಲ್ಲಿ ಬೇಕಾದಷ್ಟು ಜಾಗ ಮಿಕ್ಕಿರುತ್ತದೆ.

ಆ 44,100 ಎಂಬ ವಿಚಿತ್ರ ಅಂಕಿ ಬಂದದ್ದು ಎಲ್ಲಿಂದ ಗೊತ್ತಾ? ಟೇಪಿನಿಂದಲೇ. ಶುರುವಿನಲ್ಲಿ ಅಷ್ಟು ಅಂಕಿಗಳನ್ನು ಹಿಡಿದಿಡಲು ಕೈಗೆಟಕುತ್ತಿದ್ದದ್ದು ವಿಡಿಯೋ ಟೇಪ್ ಮೆಷಿನ್ ಮಾತ್ರ. ಒಂದು ವಿಡಿಯೋ ಗೆರೆಯಲ್ಲಿ 3 ಅಂಕಿ, ಬಳಕೆಗೆ ಸಿಗುವ 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ.

ಹಾಗಾದರೆ 1980ರ ದಶಕದಲ್ಲಿ ಸಿ.ಡಿ. ಕೇಳಿ ಮುಖ ಸಿಂಡರಿಸಿದವರೆಲ್ಲ ಸುಳ್ಳು ಹೇಳಿದರಾ? ಇಲ್ಲ. ಆಗಿನ ಡಿಜಿಟಲ್ ನಿಜಕ್ಕೂ ಒರಟಾಗಿತ್ತು. ದನಿಯನ್ನು ಅಂಕಿ ಮಾಡುವ ಚಿಪ್‌ಗಳು ಇನ್ನೂ ಪಳಗಿರಲಿಲ್ಲ. ಮೇಲಿನ ಕಂಪನಗಳನ್ನು ಕತ್ತರಿಸುವ ಫಿಲ್ಟರ್‌ಗಳು ಕೊಡಲಿ ಬೀಸಿದ ಹಾಗೆ ಕತ್ತರಿಸುತ್ತಿದ್ದವು. ಇನ್ನೊಂದು ಕಾರಣ ಯಂತ್ರದ್ದಲ್ಲ, ಅಭ್ಯಾಸದ್ದು. ಟೇಪು ಮೇಲಿನ ದನಿಗಳನ್ನು ಸ್ವಲ್ಪ ತಿನ್ನುತ್ತದೆ ಎಂದು ಎಂಜಿನಿಯರ್‌ಗಳು ಮೊದಲೇ ಅವನ್ನು ಸ್ವಲ್ಪ ಜಾಸ್ತಿ ಇಡುತ್ತಿದ್ದರು. ಏನನ್ನೂ ತಿನ್ನದ ಡಿಜಿಟಲ್‌ಗೂ ಅದೇ ಕೈ ಅಳತೆಯಲ್ಲಿ ಬಡಿಸಿದರು. ಕಿವಿ ಚುಚ್ಚದೆ ಇನ್ನೇನಾಗುತ್ತದೆ? ಈಗ ಆ ಎರಡೂ ಕಾರಣ ಉಳಿದಿಲ್ಲ. 2007ರಲ್ಲಿ ಅಮೆರಿಕದಲ್ಲಿ ಇಬ್ಬರು ಒಂದು ಪರೀಕ್ಷೆ ಪ್ರಕಟಿಸಿದರು. ಸಿ.ಡಿ.ಗಿಂತ ಇನ್ನೂ ಸೂಕ್ಷ್ಮ ಎನ್ನುವ ಡಿಸ್ಕ್‌ಗಳನ್ನು ಕೇಳಿಸುತ್ತಾ, ನಡುನಡುವೆ ಗುಟ್ಟಾಗಿ ಅದನ್ನು ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದರು. 550ಕ್ಕೂ ಹೆಚ್ಚು ಸಲ ಕೇಳಿಸಿದರೂ ಜನ ಸರಿಯಾಗಿ ಗುರುತಿಸಿದ್ದು ಸುಮಾರು ಅರ್ಧದಷ್ಟು ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಅದು ಟೇಪನ್ನು ಪರೀಕ್ಷಿಸಿದ್ದಲ್ಲ, ನಿಜ. ಆದರೆ ಸಿ.ಡಿ.ಯ ಅಂಕಿಗಳಲ್ಲಿ ಏನೋ ಸೋರಿಹೋಗುತ್ತದೆ ಎನ್ನುವವರಿಗೆ ಉತ್ತರ ಅದರಲ್ಲಿದೆ.

ನಿಜವಾದ ವ್ಯತ್ಯಾಸ ನನಗೆ ಕಾಣುವುದು ಕೆಲಸದ ರೀತಿಯಲ್ಲಿ. ದೊಡ್ಡ ಸ್ಟುಡಿಯೋಗಳ ಎರಡು ಇಂಚು ಅಗಲದ ಟೇಪಿನಲ್ಲಿ 24 ಟ್ರ್ಯಾಕ್. ಸೆಕೆಂಡಿಗೆ 30 ಇಂಚಿನ ವೇಗದಲ್ಲಿ ಓಡಿಸಿದರೆ ಒಂದು ರೀಲು ಹದಿನಾರು ನಿಮಿಷಕ್ಕೆ ಖಾಲಿ. ರೀಲಿಗೆ ದುಡ್ಡು. 24 ಟ್ರ್ಯಾಕ್ ತುಂಬಿದ ಮೇಲೆ ಇನ್ನೊಂದು ವೀಣೆ ಬೇಕೆಂದರೆ ಮೊದಲಿದ್ದ ಏನನ್ನಾದರೂ ಬೆರೆಸಿ ಒಂದು ಮಾಡಬೇಕು. ಬೆರೆಸಿದ ಮೇಲೆ ಬೇರೆ ಮಾಡುವಂತಿಲ್ಲ. ಹಾಡಿದ್ದು ಸರಿ ಬಂದಿಲ್ಲ ಅಂದರೆ ಅದರ ಮೇಲೆಯೇ ಹಾಡಬೇಕು, ಹಳೆಯದು ಹೋಯಿತು. ಇಟ್ಟುಕೊಳ್ಳೋದಾ, ಅಳಿಸೋದಾ? ಆ ಕ್ಷಣಕ್ಕೆ ಅಲ್ಲೇ ಹೇಳಬೇಕು. ಹೇಳುವವನಿಗೆ ಹಾಡು ಹೇಗಿರಬೇಕೆಂದು ಮೊದಲೇ ಗೊತ್ತಿರಬೇಕು.

ಅದಕ್ಕೂ ಹಿಂದೆ ಇನ್ನೂ ಕಷ್ಟ. ಬಹಳ ವರ್ಷ ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ರೆಕಾರ್ಡ್ ಆಗುತ್ತಿದ್ದದ್ದು ಮದ್ರಾಸಿನಲ್ಲಿ. ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲ ಒಟ್ಟಿಗೆ ಕೂತು, ಹಾಡು ಪೂರ್ತಿ ಒಂದೇ ಉಸಿರಿಗೆ. ಕೊನೆಯ ಚರಣದಲ್ಲಿ ಒಬ್ಬ ತಪ್ಪಿದರೂ ಎಲ್ಲರೂ ಮತ್ತೆ ಪಲ್ಲವಿಯಿಂದ. ಕೇಳಲು ಎಷ್ಟು ನಿಧಾನದ ಕೆಲಸ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಬೇರೆ ಹೇಳುತ್ತದೆ. 1981ರ ಫೆಬ್ರವರಿ 8ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ ಬೆಳಿಗ್ಗೆ 9ರಿಂದ ರಾತ್ರಿ 9ರೊಳಗೆ 21 ಕನ್ನಡ ಹಾಡು ಹಾಡಿದ್ದು ದಾಖಲೆಯ ಮಾತು. ಊಟ ಕಾಫಿ ಸೇರಿಸಿಯೂ ಒಂದು ಹಾಡಿಗೆ 35 ನಿಮಿಷ ಇಲ್ಲ. ಇವತ್ತು ಎಷ್ಟು ಸಲ ಬೇಕಾದರೂ ಹಾಡಬಹುದಾದ ಕಂಪ್ಯೂಟರ್ ಮುಂದೆ ಒಂದು ಹಾಡಿನ ದನಿಗೇ ಒಂದು ದಿನ ಹಿಡಿಯುವುದುಂಟು. ಎಲ್ಲರೂ ಬಾಲು ಆಗಲು ಸಾಧ್ಯವಿಲ್ಲ, ಒಪ್ಪಿದೆ. ಆದರೂ ತಪ್ಪಿದರೆ ತಿದ್ದಬಹುದು ಎಂಬುದು ಗೊತ್ತಿದ್ದಾಗ ಗಂಟಲು ಬೇರೆಯೇ ಥರ ಹಾಡುತ್ತದೆ.

ಪ್ರೊ ಟೂಲ್ಸ್ ಎಂಬ ಸಾಫ್ಟ್‌ವೇರ್ 1991ರಲ್ಲಿ ಬಂದಾಗ ಅದರಲ್ಲಿದ್ದದ್ದು ನಾಲ್ಕೇ ಟ್ರ್ಯಾಕ್. 1999ರ ಹೊತ್ತಿಗೆ ಪೂರ್ತಿ ಅದರಲ್ಲೇ ಮಾಡಿದ ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಈಗ ಒಬ್ಬ ಗಾಯಕಿಯ ಹತ್ತು ಟೇಕ್ ಇಟ್ಟುಕೊಂಡು, ಇದರ ಒಂದು ಪದ, ಅದರ ಒಂದು ಉಸಿರು ಆರಿಸಿ ಜೋಡಿಸುವುದು ಮಾಮೂಲಿ ಕೆಲಸ. ‘ಆಮೇಲೆ ನೋಡೋಣ’ ಎಂಬುದು ಸ್ಟುಡಿಯೋದ ಮಂತ್ರವಾಗಿದೆ. ಒಬ್ಬ ಗೆಳೆಯನ ಮನೆ ಸ್ಟುಡಿಯೋದಲ್ಲಿ ಭಾವಗೀತೆಯೊಂದರ ಫೈಲ್ ನೋಡಿದೆ. ನಾಲ್ಕು ನಿಮಿಷದ ಹಾಡಿಗೆ 140 ಟ್ರ್ಯಾಕ್. ಹಾಡುವವರು ಒಬ್ಬರೇ. ಕೊಳಲು ಕೇಳಿಸಲೇ ಇಲ್ಲ ಅಂದೆ. ಮೂರಿವೆ ಅಂದ.

ಶ್ರುತಿ ತಿದ್ದುವ ಆಟೋ ಟ್ಯೂನ್‌ನ ವಿಷಯದಲ್ಲಿ ನಮಗೆ ಪಾಶ್ಚಾತ್ಯರಿಗಿಂತ ಹೆಚ್ಚಿನ ತಕರಾರಿದೆ, ಇರಬೇಕು ಕೂಡ. ಅದನ್ನು 1997ರಲ್ಲಿ ತಂದ ಆಂಡಿ ಹಿಲ್ಡಬ್ರಾಂಡ್ ಮೊದಲು ತೈಲ ಹುಡುಕುವ ಕೆಲಸದಲ್ಲಿದ್ದವನು. ಭೂಮಿಯೊಳಗಿಂದ ಮರಳಿ ಬರುವ ಸದ್ದನ್ನು ಓದುವ ಗಣಿತವನ್ನೇ ಗಾಯಕರ ಗಂಟಲಿಗೆ ಹಚ್ಚಿದ. ಯಂತ್ರ ಮಾಡುವುದು ಇಷ್ಟು: ಸ್ವರ ಎಲ್ಲಿದೆ ಎಂದು ನೋಡಿ, ಪಿಯಾನೋದ 12 ಮನೆಗಳಲ್ಲಿ ಹತ್ತಿರದ ಮನೆಗೆ ಎಳೆಯುವುದು. ಈಗ ತೋಡಿ ರಾಗ ಹಾಡಿ ನೋಡಿ. ತೋಡಿಯ ಗಾಂಧಾರ ಒಂದು ಮನೆಯಲ್ಲಿ ಕೂರುವುದೇ ಇಲ್ಲ. ರಿಷಭ ಮಧ್ಯಮಗಳ ನಡುವೆ ತೂಗುತ್ತಿರುತ್ತದೆ. ಆ ತೂಗಾಟವೇ ಗಾಂಧಾರ. ಆಟೋ ಟ್ಯೂನ್ ಅದನ್ನು ತಪ್ಪು ಎಂದು ತಿಳಿದು ಹಿಡಿದು ಹಿಡಿದು ನಿಲ್ಲಿಸುತ್ತದೆ. ಕೇಳಲು ಮೆಟ್ಟಿಲ ಮೇಲೆ ಬಿದ್ದ ಗೋಲಿ ಥರ ಇರುತ್ತದೆ. ಜಾಣ ಎಂಜಿನಿಯರ್‌ಗಳು ಯಂತ್ರದ ವೇಗ ತಗ್ಗಿಸಿ, ಇಂಥ ತೂಗಾಟದ ಗಮಕಗಳನ್ನು ಬಿಟ್ಟು, ನಿಂತ ಸ್ವರವನ್ನು ಮಾತ್ರ ಕೈಯಲ್ಲಿ ತಿದ್ದುತ್ತಾರೆ. ಅದಕ್ಕೆ ಎಂಜಿನಿಯರ್‌ಗೆ ತೋಡಿ ಗೊತ್ತಿರಬೇಕು. ಗೊತ್ತಿಲ್ಲದ ಕಡೆ, ಸಿನಿಮಾ ಹಾಡುಗಳಲ್ಲಿ, ಗಮಕಗಳೇ ಮೆಲ್ಲಗೆ ಸವೆದುಹೋಗುತ್ತಿವೆ. ಯಂತ್ರ ಒಪ್ಪುವ ಹಾಗೆ ಹಾಡಲು ಹುಡುಗರೂ ಕಲಿತುಬಿಟ್ಟಿದ್ದಾರೆ.

ಬೇರೆ ಬೇರೆಯಾಗಿ ರೆಕಾರ್ಡ್ ಮಾಡುವುದರ ಪೆಟ್ಟು ಕಛೇರಿ ಸಂಗೀತಕ್ಕೆ ಇನ್ನೂ ಜಾಸ್ತಿ. ಕಛೇರಿಯಲ್ಲಿ ಪಿಟೀಲಿನವರು ಗಾಯಕರ ಹಿಂದೆ ಹೋಗುತ್ತಾರೆ ಅನ್ನುತ್ತೇವೆ. ಆದರೆ ಪಿಟೀಲಿನವರು ಒಂದು ಸಂಗತಿಯನ್ನು ಚೆಂದಗೆ ತಿರುಗಿಸಿ ಕೊಟ್ಟಾಗ ಗಾಯಕರು ಅಲ್ಲಿಂದ ಇನ್ನೊಂದು ದಾರಿ ಹಿಡಿಯುತ್ತಾರೆ. ಮೃದಂಗದವರ ಒಂದು ಮೊಹರಾಕ್ಕೆ ಸ್ವರಗಳ ಲೆಕ್ಕವೇ ಬದಲಾಗುತ್ತದೆ. ಸೋಮವಾರ ಹಾಡಿದ್ದಕ್ಕೆ ಗುರುವಾರ ಪಿಟೀಲು ಸೇರಿಸಿದರೆ ಪಿಟೀಲು ಗಾಯಕರನ್ನು ಕೇಳಬಹುದು, ಗಾಯಕರು ಪಿಟೀಲನ್ನು ಕೇಳಲಾರರು. ಮಾತುಕತೆ ಹೋಗಿ ಒಂದೇ ಕಡೆಯ ಕಾಗದವಾಗುತ್ತದೆ. ಇದಕ್ಕೆ ಟೇಪನ್ನು ಮರಳಿ ತರಬೇಕಾಗಿಲ್ಲ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಮಾಡಿದರೂ ಸಾಕು.

ಮತ್ತೆ ಹಾಗೆ ಯಾಕೆ ಮಾಡುವುದಿಲ್ಲ? ದುಡ್ಡು. ದೊಡ್ಡ ಕೋಣೆ ಬೇಕು, ಎಲ್ಲರ ಡೇಟು ಒಂದೇ ದಿನ ಕೂಡಬೇಕು, ಸಂಭಾವನೆ ಕೊಡಬೇಕು. ಡಿಜಿಟಲ್ ಗೆದ್ದದ್ದು ಈ ಲೆಕ್ಕದಲ್ಲಿ. ಕೀಬೋರ್ಡು, ಕಂಪ್ಯೂಟರು ಒಂದಕ್ಕೊಂದು ಮಾತಾಡುವ ಮಿಡಿ ಎಂಬ ವ್ಯವಸ್ಥೆ 1983ರಲ್ಲಿ ಬಂತು. ಆಮೇಲೆ ಕೀಬೋರ್ಡ್ ಪ್ರೋಗ್ರಾಮರ್ ಒಬ್ಬ ನಲವತ್ತು ಪಿಟೀಲಿನ ಕೆಲಸ ಮಾಡತೊಡಗಿದ. ಆ ನಲವತ್ತು ಮಂದಿ ಎಲ್ಲಿ ಹೋದರು ಎಂದು ಯಾರೂ ಹೆಚ್ಚು ಕೇಳಲಿಲ್ಲ. ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮದ್ರಾಸಿಗೆ ಹೋಗಲು ರೈಲು ಚಾರ್ಜಿಲ್ಲದ ಎಷ್ಟು ಜನ ಆಗ ಹಾಡಲೇ ಇಲ್ಲ? ಈಗ ಗಂಗಾವತಿಯ ಹುಡುಗಿಯೊಬ್ಬಳು ಒಂದು ಮೈಕು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ಬಾಗಿಲಿಗೆ ಕಂಬಳಿ ಕಟ್ಟಿ ಹಾಡಬಹುದು. ದನಿಯ ಮಟ್ಟದಲ್ಲಿ ಅದು 1970ರ ಯಾವ ಟೇಪಿಗೂ ಸೋಲುವುದಿಲ್ಲ. ಟೇಪಿನ ಕಾಲವನ್ನು ಹೊಗಳುವಾಗ ನನಗೆ ಇದು ಮುಳ್ಳಿನ ಹಾಗೆ ಚುಚ್ಚುತ್ತಿರುತ್ತದೆ.

ಇವತ್ತು ಪೂರ್ತಿ ಟೇಪಿನಲ್ಲೇ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. ಮಾಡಲು ಸಾಮಾನೂ ಇಲ್ಲ. 2005ರ ಜನವರಿಯಲ್ಲಿ ಕ್ವಾಂಟೆಜಿ ಎಂಬ ಕಂಪನಿ ಅಲಬಾಮಾದ ತನ್ನ ಕಾರ್ಖಾನೆಗೆ ಬೀಗ ಹಾಕಿದಾಗ ಸ್ಟುಡಿಯೋಗಳು ಬರಗಾಲ ಬಂದ ಹಾಗೆ ರೀಲುಗಳನ್ನು ಕೊಂಡು ತುಂಬಿಟ್ಟುಕೊಂಡವು. ಈಗ ಪೆನ್ಸಿಲ್ವೇನಿಯಾದಲ್ಲಿ ಒಂದು, ಫ್ರಾನ್ಸಿನಲ್ಲಿ ಒಂದು ಕಂಪನಿ ಟೇಪು ಮಾಡುತ್ತವೆ. ಎರಡಿಂಚಿನ ಒಂದು ರೀಲಿಗೆ ನೂರಾರು ಡಾಲರ್. ಹಾಗಾಗಿ ಬಹಳ ಜನ ನಡುದಾರಿ ಹಿಡಿದಿದ್ದಾರೆ. ದನಿಯನ್ನು ಟೇಪಿನ ಮೇಲೆ ಹಾಯಿಸಿ, ತಕ್ಷಣ ಅಲ್ಲಿಂದ ಎತ್ತಿ ಕಂಪ್ಯೂಟರ್‌ಗೆ ಹಾಕಿಕೊಳ್ಳುತ್ತಾರೆ. ಒಗ್ಗರಣೆಯ ಘಮ ಸಿಕ್ಕಿತು, ಅದೇ ರೀಲು ಮತ್ತೆ ಬಳಕೆಗೂ ಬಂತು. ಅದೂ ಆಗದವರಿಗೆ ಟೇಪಿನ ನಡವಳಿಕೆಯನ್ನು ಲೆಕ್ಕ ಹಾಕಿ ನಕಲು ಮಾಡುವ ಪ್ಲಗಿನ್ ಎಂಬ ಪುಟ್ಟ ಸಾಫ್ಟ್‌ವೇರ್‌ಗಳಿವೆ. ಕೆಲವದರಲ್ಲಿ ಹಿಸ್‌ಗೂ ಒಂದು ಬಟನ್ ಇದೆ. ಯಾವುದನ್ನು ಅಡಗಿಸಲು ಡಾಲ್ಬಿ ತಲೆ ಕೆಡಿಸಿಕೊಂಡನೋ ಅದನ್ನೇ ಈಗ ದುಡ್ಡು ಕೊಟ್ಟು ಹಾಕಿಕೊಳ್ಳುತ್ತಿದ್ದೇವೆ. ನಾನು ನೋಡಿದ ಮಟ್ಟಿಗೆ ಎಂಜಿನಿಯರ್‌ಗಳು ಮೊದಲು ಆಫ್ ಮಾಡುವುದು ಆ ಬಟನ್ನನ್ನೇ.

ಉಳಿದದ್ದು ಕಾಪಿಡುವ ಪ್ರಶ್ನೆ. ಚಿಕಾಗೋದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ 2024ರಲ್ಲಿ ತೀರಿಕೊಳ್ಳುವ ತನಕ ಟೇಪಿನ ಪರ ವಾದಿಸುತ್ತಿದ್ದ. ಅವನ ವಾದದಲ್ಲಿ ‘ವಾರ್ಮ್’ ಎಂಬುದಕ್ಕೆ ಹೆಚ್ಚು ಜಾಗವಿರಲಿಲ್ಲ. ಟೇಪು ಒಂದು ವಸ್ತು, ಐವತ್ತು ವರ್ಷದ ಮೇಲೂ ಒಂದು ಮೆಷಿನ್ ಕಟ್ಟಿ ಅದನ್ನು ಕೇಳಬಹುದು, ಸಾಫ್ಟ್‌ವೇರ್ ಕಂಪನಿ ಮುಚ್ಚಿದರೆ ನಿನ್ನ ಫೈಲ್ ತೆರೆಯುವವರು ಯಾರು ಎನ್ನುವುದು ಅವನ ಪ್ರಶ್ನೆ. ಪ್ರಶ್ನೆ ಗಟ್ಟಿಯಾಗಿದೆ. 1987ರಲ್ಲಿ ಬಂದ ಡ್ಯಾಟ್ ಎಂಬ ಡಿಜಿಟಲ್ ಕ್ಯಾಸೆಟ್ ನೋಡಿ. ಈಗ ಅದನ್ನು ಓಡಿಸುವ ಮೆಷಿನ್ ಹುಡುಕುವುದೇ ಒಂದು ಸಾಹಸ. ಹತ್ತು ವರ್ಷದ ಹಿಂದಿನ ಪ್ರಾಜೆಕ್ಟ್ ಫೈಲ್ ತೆರೆದರೆ ಅರ್ಧ ಪ್ಲಗಿನ್ ಇಲ್ಲ ಎಂದು ಕಂಪ್ಯೂಟರ್ ಕೈಯೆತ್ತುತ್ತದೆ.

ಆದರೆ ಟೇಪೇನೂ ಅಮೃತ ಕುಡಿದು ಬಂದಿಲ್ಲ. 1970, 80ರ ದಶಕದ ಹೆಸರಾಂತ ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಮೆಷಿನ್‌ಗೆ ಹಾಕಿದರೆ ಪುಡಿ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಮದ್ದು ಬೇಯಿಸುವುದು. ತಮಾಷೆಯಲ್ಲ, 50 ಡಿಗ್ರಿಗಿಂತ ತುಸು ಮೇಲಿನ ಶಾಖದಲ್ಲಿ ಎಂಟು ಗಂಟೆಯಾದರೂ ಒಣಗಿಸುತ್ತಾರೆ. ಆಮೇಲೆ ಕೆಲವು ವಾರ ಚೆನ್ನಾಗಿ ಓಡುತ್ತದೆ. ಅಷ್ಟರಲ್ಲಿ ಪ್ರತಿ ಮಾಡಿಕೊಳ್ಳಬೇಕು. ಎಲ್ಲಿಗೆ? ಕಂಪ್ಯೂಟರ್‌ಗೇ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು: 2025ರೊಳಗೆ ಡಿಜಿಟಲ್ ಆಗದ ಟೇಪುಗಳು ಬಹುಪಾಲು ಕೈಬಿಟ್ಟ ಹಾಗೆಯೇ. ಟೇಪು ಕೆಡುವುದು ಒಂದು ಕಾರಣ, ಮೆಷಿನ್ನೂ ಅದನ್ನು ರಿಪೇರಿ ಮಾಡುವವರೂ ಇಲ್ಲದಾಗುವುದು ಇನ್ನೊಂದು. ಆ ಗಡುವು ಈಗ ದಾಟಿದೆ.

ಕರಾವಳಿಯವನಾದ ನನಗೆ ಇದು ಓದಿದ ಮಾತಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ಮನೆಗೆ ಮರಳಿದ ಮೇಲೆ ತಾಳಮದ್ದಳೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆ, ಅರ್ಥ ಹೇಳುವವರ ಮಾತು, ಅಷ್ಟೇ. ಅರ್ಥ ಅಲ್ಲೇ ಹುಟ್ಟುವಂಥದ್ದು. ಒಂದು ರಾತ್ರಿಯ ಕರ್ಣ ಇನ್ನೊಂದು ರಾತ್ರಿ ಬರುವುದಿಲ್ಲ. 1980ರ ದಶಕದಲ್ಲಿ ಮನೆಮನೆಗೆ ಟೇಪ್ ರೆಕಾರ್ಡರ್ ಬಂದಾಗ ಜನ ಅದನ್ನು ಹೊತ್ತುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಇಟ್ಟರು. ಎಷ್ಟೋ ದೊಡ್ಡ ಅರ್ಥಧಾರಿಗಳ ದನಿ ಉಳಿದಿರುವುದು ಆ ಕ್ಯಾಸೆಟ್‌ಗಳಲ್ಲಿ ಮಾತ್ರ.

ನನ್ನ ಮಾವನ ಹತ್ತಿರ ಅಂಥ ನಲವತ್ತು ಕ್ಯಾಸೆಟ್ ಇದ್ದವು, ಅಟ್ಟದ ಮೇಲೆ, ಬಿಸ್ಕತ್ತಿನ ಡಬ್ಬದಲ್ಲಿ. ಹೋದ ವರ್ಷ ಇಳಿಸಿ ನೋಡಿದಾಗ ಅರ್ಧಕ್ಕೆ ಬಿಳಿ ಬೂಷ್ಟು ಬಂದಿತ್ತು. ಉಡುಪಿಯಲ್ಲಿ ಈ ಕೆಲಸ ಮಾಡುವ ಒಬ್ಬ ಹುಡುಗನಿಗೆ ಕೊಟ್ಟೆವು. ಅವನು ಒಂದೊಂದನ್ನೂ ಬಿಚ್ಚಿ, ಒರೆಸಿ, ಬೇರೆ ಚಿಪ್ಪಿಗೆ ಹಾಕಿ ಓಡಿಸಿದ. ಹದಿನಾಲ್ಕು ಉಳಿಯಲಿಲ್ಲ.

ಉಳಿದದ್ದರಲ್ಲಿ ಒಂದನ್ನು ಕೇಳಿಸುತ್ತಾ ಅವನು ಮಾವನನ್ನು ಕೇಳಿದ: ‘ಇದರಲ್ಲಿ ಹಿಸ್ ತುಂಬ ಉಂಟು ಭಟ್ರೇ, ತೆಗೀಲಾ?’ ಮಾವ ಹೂಂ ಅಂದರು. ಸಾಫ್ಟ್‌ವೇರ್ ಅರ್ಧ ನಿಮಿಷದಲ್ಲಿ ತೆಗೆದುಹಾಕಿತು. ಮಾತು ಕನ್ನಡಿಯ ಹಾಗೆ ನಿಚ್ಚಳವಾಯಿತು. ಮಾವ ಸ್ವಲ್ಪ ಹೊತ್ತು ಕೇಳಿ ಮುಖ ಗಂಟಿಕ್ಕಿದರು.

‘ಮಳೆ ಎಲ್ಲಿ ಹೋಯ್ತು ಮಾರಾಯಾ?’

ಅವತ್ತು ರಾತ್ರಿ ಚಪ್ಪರದ ತಗಡಿನ ಮೇಲೆ ಜೋರು ಮಳೆ ಹೊಯ್ಯುತ್ತಿತ್ತಂತೆ. ಅರ್ಥ ಹೇಳುವವರು ದನಿ ಏರಿಸಿದ್ದೇ ಅದಕ್ಕಂತೆ. ಸಾಫ್ಟ್‌ವೇರ್‌ಗೆ ಮಳೆಗೂ ಹಿಸ್‌ಗೂ ವ್ಯತ್ಯಾಸ ತಿಳಿಯದು. ಎರಡೂ ‘ಸ್‌ಸ್’ ಎನ್ನುವ ಸದ್ದೇ ತಾನೇ. ಹುಡುಗ ಹಳೆಯ ಫೈಲನ್ನು ಮತ್ತೆ ತೆರೆದ. ಅದು ಹಾಗೇ ಇತ್ತು, ಅಳಿಸಿರಲಿಲ್ಲ. ಈಗ ಎರಡೂ ಇವೆ, ಒಂದರ ಹೆಸರು ‘ಕ್ಲೀನ್’, ಇನ್ನೊಂದರ ಹೆಸರು ‘ಮಳೆ’. ಮಾವ ಎರಡನೆಯದನ್ನೇ ಹಾಕಿಸಿಕೊಂಡು ಕೇಳುತ್ತಾರೆ.